ಎಂಥ ದೇವರು ಎಂದು ಕೇಳದವರು

ಭಾನುವಾರ, ಅಂಗಡಿಗೆ ರಜೆ

ಮುನಿಸಿಕೊಂಡು ಹೋದವಳಿಗೆ,

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಚೆನ್ನಾಗಿದ್ದೇನೆ ಎಂದುಬಿಟ್ಟರೆ ನನಗೆ ಹೊಟ್ಟೆ ಉರಿಯುತ್ತದೆ. ನಾನಂತೂ ಇದ್ದೇನೆ. ಬಂದವರ ಮೂಗಿಗೆ ಕನ್ನಡಕ ಕೂರಿಸುತ್ತೇನೆ, ಸಂಜೆ ಶಟರ್ ಎಳೆದು ಮೇಲಿನ ಮನೆಗೆ ಬರುತ್ತೇನೆ, ರೇಡಿಯೋ ಹಾಕಿ ಅದು ಹೇಳಿದ್ದಕ್ಕೆಲ್ಲ ಎದುರುತ್ತರ ಕೊಡುತ್ತೇನೆ. ಪಾಪ, ಅದು ನಿನ್ನ ಹಾಗೆ ತಿರುಗಿ ಬೈಯುವುದಿಲ್ಲ.

ವಿಷಯ ಏನೆಂದರೆ, ನಾನು ಫ್ರೀಮೇಸನ್ ಆಗಿದ್ದೇನೆ. ಅಂಚೆ ಕಚೇರಿಯ ಹಿಂದಿನ ಬೀದಿಯಲ್ಲಿ ಸದಾ ಕಿಟಕಿ ಮುಚ್ಚಿಕೊಂಡ ಕಟ್ಟಡ ಇದೆಯಲ್ಲ, ಬಾಗಿಲ ಮೇಲೆ ಕೈವಾರ, ಮೂಲೆಮಟ್ಟದ ಗುರುತು, ಅದೇ ಅವರ ಲಾಡ್ಜ್. ರೂಮು ಬಾಡಿಗೆಗೆ ಕೊಡುವ ಲಾಡ್ಜ್ ಅಲ್ಲ ಮಹರಾಯಿತಿ. ಗಂಡಸರು ಸೇರಿ ಅಣ್ಣತಮ್ಮ ಎಂದು ಕರೆದುಕೊಳ್ಳುತ್ತಾರೆ, ಬಾಗಿಲು ಹಾಕಿಕೊಂಡು ಹಳೇ ಕಾಲದ ಕಲ್ಲುಕುಟಿಗರ ವಿಧಿ ನಡೆಸುತ್ತಾರೆ, ಆಮೇಲೆ ಜೊತೆಗೆ ಊಟ. ತಲೆಯ ಮೇಲೇ ಕನ್ನಡಕ ಇಟ್ಟುಕೊಂಡು ಕನ್ನಡಕ ಹುಡುಕುವ ನಮ್ಮ ಹಲ್ಲಿನ ಡಾಕ್ಟರೇ ನನ್ನನ್ನು ಕರೆದದ್ದು.

ನಗಬೇಡ. ನೀನು ಹೋದ ಮೇಲೆ ಮಾತಾಡಲು ನನಗೊಂದು ಜೀವ ಬೇಕಿತ್ತು. ಬಿಸಿಲು ಮಳೆಯ ಮಾತಲ್ಲ, ಯಾವುದರಿಂದ ನೀನು ಮನೆ ಬಿಟ್ಟೆಯೋ ಆ ಮಾತು.

ದೇವರಿದ್ದಾನೆ, ಆದರೆ ಅವನ ಕೈಲಿ ಎಲ್ಲವೂ ಆಗುವುದಿಲ್ಲ. ನರಳುವವನ ಪಕ್ಕ ಕೂರಬಲ್ಲ, ಅಷ್ಟೇ. ಇದು ನನ್ನ ನಂಬಿಕೆ. ನಿನ್ನ ಅಣ್ಣ ಆಸ್ಪತ್ರೆಯಲ್ಲಿ ಮಲಗಿ, ದೇವರು ನನಗೇಕೆ ಹೀಗೆ ಮಾಡಿದ ಎಂದು ಅತ್ತಾಗ, ಭಾವಾ, ಇದು ಅವನು ಮಾಡಿದ್ದಲ್ಲ, ಅವನೂ ದಿಕ್ಕು ತೋಚದೆ ಇಲ್ಲೇ ಕೂತಿದ್ದಾನೆ ಎಂದೆ. ಸಮಾಧಾನಕ್ಕೇ ಹೇಳಿದ್ದು. ಸಾವಿನ ಬಾಯಲ್ಲಿರುವವನಿಂದ ದೇವರನ್ನೂ ಕಿತ್ತುಕೊಂಡೆಯಾ ಎಂದು ನೀನು ವಾರ್ಡೇ ಅದುರುವ ಹಾಗೆ ಕೂಗಿದೆ. ಈಗ ಭಾವ ಎದ್ದು ಓಡಾಡುತ್ತಿದ್ದಾರಂತೆ, ಸಂತೋಷ. ನಿನ್ನ ದೇವರು ಗೆದ್ದ, ನನ್ನವನು ಸೋತ. ಆದರೂ ನೀನು ಅವರ ಮನೆಯಲ್ಲೇ ಉಳಿದೆ.

ಲಾಡ್ಜಿಗೆ ಸೇರುವವನನ್ನು, ದೇವರನ್ನು ನಂಬುತ್ತೀಯಾ ಎಂದು ಕೇಳುತ್ತಾರೆ. ನಂಬದವನಿಗೆ ಬಾಗಿಲು ತೆರೆಯುವುದಿಲ್ಲ. ಇದನ್ನು ಕೇಳಿದ್ದೇ ನನ್ನ ಕಿವಿ ನೆಟ್ಟಗಾಯಿತು. ಅಂಗಡಿಯ ಕನ್ನಡಿಯ ಮುಂದೆ ನಿಂತು ನನ್ನ ಉತ್ತರವನ್ನು ಪಾಠದ ಹಾಗೆ ಉರು ಹೊಡೆದೆ. ಒಪ್ಪದಿದ್ದರೆ ಹೊರಗೆ ಹಾಕಲಿ, ಪೂರ್ತಿ ಕೇಳಿಸಿಕೊಂಡಾದರೂ ಹಾಕುತ್ತಾರಲ್ಲ ಎಂದುಕೊಂಡೆ.

ವಿಚಾರಿಸಲು ಮೂವರು ಮನೆಗೆ ಬಂದರು: ಡಾಕ್ಟರ್, ಒಬ್ಬ ವಕೀಲರು, ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು. ಗಾರ್ಡ್ ನಿನ್ನ ಕುರ್ಚಿಯಲ್ಲೇ ಕೂತರು, ನನಗೆ ಒಂಥರಾ ಆಯಿತು. ಮನೆಯವರೆಲ್ಲಿ ಎಂದರು. ಅಣ್ಣನಿಗೆ ಹುಷಾರಿಲ್ಲ, ನೋಡಿಕೊಳ್ಳಲು ಹೋಗಿದ್ದಾಳೆ ಎಂದೆ. ಸುಳ್ಳಲ್ಲ, ಹಳೇ ನಿಜ. ಆಮೇಲೆ ವಕೀಲರು ಆ ಪ್ರಶ್ನೆ ಕೇಳಿದರು. ಹೌದು, ನಂಬುತ್ತೇನೆ, ಆದರೆ ಎಂದು ಶುರು ಮಾಡುವಷ್ಟರಲ್ಲಿ ಡಾಕ್ಟರ್ ಕೈ ಎತ್ತಿದರು.

"ಹೌದು ಅಂದ್ರಲ್ಲ, ಅಷ್ಟು ಸಾಕು. ಎಂಥ ದೇವರು ಅಂತ ನಾವು ಕೇಳಲ್ಲ. ಒಳಗೂ ಯಾರೂ ಆ ಮಾತೆತ್ತೋ ಹಾಗಿಲ್ಲ, ಸುಮ್ನೆ ಜಗಳ ಆಗುತ್ತೆ."

ಅದು ಅವರ ಕಟ್ಟಳೆ. ಅದರಿಂದಲೇ ಬೇರೆ ಬೇರೆ ನಂಬಿಕೆಯವರು ಒಂದೇ ಮೇಜಿಗೆ ಕೂತು ಉಣ್ಣುತ್ತಾರೆ, ತಪ್ಪು ಹೇಳಲಾರೆ. ನಾನು ಉರು ಹೊಡೆದದ್ದು ಮಾತ್ರ ಗಂಟಲಲ್ಲೇ ಉಳಿಯಿತು. ಆಮೇಲೆ ಗುಟ್ಟಾಗಿ ಪೆಟ್ಟಿಗೆಯೊಳಗೆ ಗುಂಡು ಹಾಕಿ ಮತ ಕೊಟ್ಟರು. ಬಿಳಿ ಎಂದರೆ ಒಪ್ಪಿಗೆ, ಒಂದು ಕರಿ ಗುಂಡು ಬಿದ್ದರೂ ಮುಗಿಯಿತು. ನನಗೆ ಎಲ್ಲವೂ ಬಿಳಿ. ಒಬ್ಬನಿಗಾದರೂ ನನ್ನ ಮೇಲೆ ಅನುಮಾನ ಬರಬಾರದಿತ್ತೇ ಎನಿಸಿತು.

ಸೇರಿಸಿಕೊಂಡ ಸಂಜೆ ನಡೆದದ್ದನ್ನು ಹೇಳುವಂತಿಲ್ಲ, ಮಾತು ಕೊಟ್ಟಿದ್ದೇನೆ. ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ ಎನ್ನುವುದು ಊರಿಗೇ ಗೊತ್ತು, ಅಷ್ಟು ಹೇಳಬಹುದು. ಯಾರೋ ಮೊಣಕೈ ಹಿಡಿದು ನಡೆಸಿದರು. ಆ ಕೈ ಬಿಟ್ಟುಹೋದಾಗ ಬೇಜಾರಾಯಿತು. ನನ್ನನ್ನು ಯಾರಾದರೂ ಮುಟ್ಟಿ ಎಷ್ಟು ದಿನವಾಗಿತ್ತೋ.

ಊಟದ ಹೊತ್ತಿಗೆ ಎಲ್ಲರೂ ಬೆನ್ನು ತಟ್ಟಿದರು. ಗಾರ್ಡ್ ನನ್ನನ್ನು ತಮ್ಮಾ ಎಂದು ಕರೆದು ತಟ್ಟೆ ತುಂಬ ಬಡಿಸಿದರು. ಒಳ್ಳೆಯವರು ಕಣೇ. ಆದರೆ ಅಷ್ಟು ಜನ ಅಣ್ಣತಮ್ಮಂದಿರ ನಡುವೆ ಕೂತು ನನಗೆ ಮನೆಗಿಂತಲೂ ಒಂಟಿ ಎನಿಸಿತು. ನನ್ನ ದೇವರು ಎಂಥವನು ಎಂದು ಕೇಳಿ, ಕೇಳಿದ ಮೇಲೆ ಕೋಪ ಮಾಡಿಕೊಂಡವಳು ಈ ಲೋಕದಲ್ಲಿ ನೀನೊಬ್ಬಳೇ.

ಸುಮ್ಮನೆ ವಿಷಯ ತಿಳಿಸಲು ಬರೆದೆ. ಬಾ ಎಂದು ಕರೆಯುತ್ತಿಲ್ಲ. ನನಗಿಲ್ಲಿ ಏನೂ ಕಡಿಮೆಯಿಲ್ಲ. ಭಾವನಿಗೆ ನಮಸ್ಕಾರ ತಿಳಿಸು.

ನೀನೇ ಹೆಸರಿಟ್ಟ,
ತರಲೆ

ತಾ.ಕ.: ಇವತ್ತು ಸೋಮವಾರ. ಕಾಗದ ಅಂಚೆಗೆ ಹಾಕುವಷ್ಟರಲ್ಲಿ ಡಾಕ್ಟರ್ ಅಂಗಡಿಗೆ ಬಂದರು, ಕನ್ನಡಕದ ಕಡ್ಡಿ ಸಡಿಲವಾಗಿತ್ತು. ಹೆಂಡತಿಯ ಒಪ್ಪಿಗೆ ಕೇಳದೆ ಅವರು ಯಾರನ್ನೂ ಸೇರಿಸಿಕೊಳ್ಳುವುದಿಲ್ಲವಂತೆ. ನೀನು ಹಲ್ಲು ಕೀಳಿಸಿದಾಗ ಕೊಟ್ಟ ನಂಬರ್ ಹುಡುಕಿ, ಮತ ಹಾಕುವ ಮೊದಲೇ ನಿನಗೆ ಫೋನ್ ಮಾಡಿದ್ದರಂತೆ. ನಿಮ್ಮ ಯಜಮಾನರಿಗೆ ದೇವರಲ್ಲಿ ನಂಬಿಕೆ ಇದೆಯಾ ಎಂದದ್ದಕ್ಕೆ ನೀನು ಕೊಟ್ಟ ಉತ್ತರವನ್ನು ನಗುನಗುತ್ತಾ ಹೇಳಿದರು.

"ನಾವೆಲ್ಲ ದೇವರ ಹತ್ರ ನಮ್ಮ ಕಷ್ಟ ಹೇಳ್ಕೋತೀವಿ. ಅವರೊಬ್ರೇ ದೇವರ ಕಷ್ಟ ಕೇಳೋರು."

ನಾನೂ ನಕ್ಕೆ. ಅವರು ಹೋದ ಮೇಲೆ ಕೌಂಟರಿನ ಹಿಂದೆ ಕೂತು ಅತ್ತುಬಿಟ್ಟೆ. ಬಾ ಎಂದು ಕರೆಯುತ್ತಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಬಾ. ಒಪ್ಪಬೇಡ, ಬಂದು ಬೈಯಿ.