ಕೋವಿಯ ಕಪಾಟು

ಅತ್ತಾವರ,
ಸೋಮವಾರ

ತಮ್ಮ ಶೋಭಿತನಿಗೆ,

ನಿನ್ನೆ ನಾನಿಲ್ಲದಾಗ ಮನೆಗೆ ಬಂದು ಅಪ್ಪನ ಕಪಾಟಿನ ಬೀಗ ಒಡೆದಿದ್ದೀಯಲ್ಲ, ಬಹಳ ಸಂತೋಷವಾಯಿತು. ಕೋವಿಗಳು ಕಾಣದಾಗ ನನಗೊಂದು ಫೋನ್ ಮಾಡಬಹುದಿತ್ತು. ನೀನು ಮಾಡಿದ್ದು ಉಮಾವತಿ ದೊಡ್ಡಮ್ಮನಿಗೆ: "ಅಕ್ಕ ಎರಡನ್ನೂ ಮಾರಿ ಆಯ್ತು, ಕಪಾಟಿನಲ್ಲಿ ಎಂತದೂ ಇಲ್ಲ."

ಚುನಾವಣೆ ಬಂತೆಂದರೆ ಕೋವಿಗಳನ್ನು ಪೊಲೀಸ್ ಸ್ಟೇಷನ್ನಿನಲ್ಲಿ ಇಟ್ಟು ಬರಬೇಕೆಂದು ಊರಿಗೆಲ್ಲ ಗೊತ್ತು, ನಿನಗೆ ಗೊತ್ತಿಲ್ಲ. ಈ ಸಲ ಅಪ್ಪ ಹಾಸಿಗೆ ಹಿಡಿದಿದ್ದರು. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ರಿಕ್ಷಾದಲ್ಲಿ ಕೊಂಡುಹೋದವಳು ನಾನು. ಮತ ಎಣಿಕೆಗೆ ಮೊದಲೇ ಅಪ್ಪ ಹೋದರು. ಕೋವಿಗಳು ಇನ್ನೂ ಅಲ್ಲೇ ಇವೆ.

ಅಪ್ಪನ ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಕೂತಾಗ ನೀನು ಎಲ್ಲರೆದುರು "ಹೆಂಗಸರಿಗೆ ಕೋವಿ ಎಂತಕ್ಕೆ?" ಎಂದು ನಕ್ಕಿದ್ದೆ. ಲೈಸೆನ್ಸ್ ನಿನ್ನ ಹೆಸರಿಗೆ ಆಗಬೇಕಾದರೆ ಈ ಹೆಂಗಸಿನ ಒಪ್ಪಿಗೆ ಬೇಕು, ತಿಳಿದಿರಲಿ.

ಮೊದಲು ದೊಡ್ಡಮ್ಮನಿಗೆ ಫೋನ್ ಮಾಡಿ ನಾನು ಕಳ್ಳಿಯಲ್ಲ ಎಂದು ಹೇಳು. ಆಮೇಲೆ ಬಡಗಿಯನ್ನು ಕರೆದುಕೊಂಡು ಬಂದು ಕಪಾಟು ಸರಿಮಾಡಿಸು. ಬೀಗದ ಕೈ ಅಪ್ಪನ ಫೋಟೋ ತೂಗುಹಾಕಿದ ಮೊಳೆಯಲ್ಲೇ ಇತ್ತು. ಒಂದು ಮಾಲೆ ಹಾಕಲಿಕ್ಕಾದರೂ ಕೈ ಎತ್ತಿದ್ದರೆ ನಿನಗೆ ಸಿಗುತ್ತಿತ್ತು.

ಇನ್ನೂ ನಿನ್ನ ಅಕ್ಕನೇ ಆಗಿರುವ,
ಚೈತಾಲಿ