ನಾಲ್ಕಕ್ಕಿಂತ ಐದು ದೊಡ್ಡದು

ಏನಯ್ಯಾ,

ನಾವಿಬ್ಬರೂ ಜೊತೆಗೆ ಕಟ್ಟಿದ ಗ್ಯಾರೇಜು ಬಿಟ್ಟು ಹೋದವನ ವಿಳಾಸ ಹುಡುಕುವ ದರ್ದು ನನಗಿಲ್ಲ. ಈ ಕಾಗದ ಅಂಚೆಗೆ ಬೀಳುವುದಿಲ್ಲ. ಆದರೂ ಇವತ್ತಿನ ಸುದ್ದಿ ಹೇಳಬೇಕು.

ನನ್ನ ಸೊಸೆ ಶಾಲೆ ಮಕ್ಕಳ ವ್ಯಾನು ಓಡಿಸುತ್ತಾಳೆ. ನಾಳೆ ಶಾಲೆ ಶುರು, ಬ್ರೇಕ್ ಎಣ್ಣೆ ಬದಲಿಸಬೇಕಿತ್ತು. ಮಕ್ಕಳ ಗಾಡಿಯಲ್ಲವೇ, ನಮ್ಮ ಕಾಲದಲ್ಲಿ ಕಾಣದ ಡಾಟ್ ಐದು ಎಂಬ ದುಬಾರಿ ಡಬ್ಬಿಯನ್ನೇ ತಂದೆ. ಸೊಸೆ ಎಣ್ಣೆ ತೊಟ್ಟಿಯ ಮುಚ್ಚಳ ನೋಡಿ, "ಇಲ್ಲಿ ಡಾಟ್ ನಾಲ್ಕು ಅಂತಿದೆ ಮಾವ" ಎಂದಳು.

"ನಾಲ್ಕಕ್ಕಿಂತ ಐದು ದೊಡ್ಡದು. ಅಷ್ಟು ಲೆಕ್ಕ ನಂಗೂ ಬರುತ್ತೆ!"

"ಇದೇನು ಪರೀಕ್ಷೆ ಮಾರ್ಕ್ಸಾ, ಜಾಸ್ತಿ ಬಂದ್ರೆ ಒಳ್ಳೇದು ಅನ್ನೋಕೆ?"

ಸಿಟ್ಟು ನೆತ್ತಿಗೇರಿತು. ಅವಳ ಬಾಯಿ ಮುಚ್ಚಿಸೋಣವೆಂದು ಅಂಗಡಿಯವನಿಗೆ ಫೋನು ಹಚ್ಚಿದೆ. ಅವನೂ, "ಐದರ ಗುಣವೇ ಬೇರೆ ಯಜಮಾನ್ರೇ, ನಾಲ್ಕರ ಜೊತೆ ಸೇರಲ್ಲ. ಸುರಿದ್ರೆ ಬ್ರೇಕು ಕೈ ಕೊಡುತ್ತೆ" ಎಂದ. ತೆಪ್ಪಗೆ ಹೋಗಿ ನಾಲ್ಕನ್ನೇ ತಂದೆ.

ಹೊಸ ಎಣ್ಣೆ ತುಂಬಿದ ಮೇಲೆ ಬ್ರೇಕ್ ಪೈಪಿನ ಗಾಳಿ ತೆಗೆಯಲು ಇಬ್ಬರು ಬೇಕೆಂದು ನಿನಗೆ ಗೊತ್ತೇ ಇದೆ. ಸೊಸೆ ಪೆಡಲ್ ಮೇಲೆ ಕಾಲಿಟ್ಟು ಕೂತಳು. ನಾನು ಚಕ್ರದ ಪಕ್ಕ ಮಲಗಿ ನಟ್ಟು ಸಡಿಲಿಸುತ್ತಾ ನಿನಗೆ ಕೂಗುತ್ತಿದ್ದ ಹಳೇ ವರಸೆಯಲ್ಲೇ ಕೂಗಿದೆ: "ಒತ್ತೋ! ಹಿಡಿಯೋ! ಬಿಡಬೇಡ ಕಣೋ!"

ಮೇಲಿನಿಂದ ನಗು ಕೇಳಿಸಿತು. "ಮಾವ, ನಾನ್ಯಾವಾಗ 'ಕಣೋ' ಆದೆ?"

"ಹರಟೆ ಸಾಕು, ಪೆಡಲ್ ಹಿಡಿ" ಎಂದೆ.

ಬ್ರೇಕು ಈಗ ಕಾಲು ತಾಕಿದರೆ ಸಾಕು, ಕಚ್ಚಿ ಹಿಡಿಯುತ್ತದೆ. ಮನಸ್ಸಿಗೆ ಹಾಯೆನಿಸಿದೆ. ಉಳಿದ ಚಕ್ರಗಳ ಹತ್ತಿರವೂ ನನ್ನ ಬಾಯಿಗೆ ಅದೇ ಮಾತು ಬಂತು. ಯಾರನ್ನು ಕರೆಯುತ್ತೀರಿ ಎಂದು ಅವಳು ಕೇಳಲಿಲ್ಲ. ಕೂಗಿದಾಗಲೆಲ್ಲ ಒತ್ತಿ ಹಿಡಿದಳು.