ಅರ್ಫಾಳನ್ನು ಎಲ್ಲಿ ಕೂರಿಸಲಿ

12 ಮೇ 2025, ಸೋಮವಾರ

ಬೆಳಿಗ್ಗೆ ಎಂಟಕ್ಕೆ ಔಷಧ, ಐದು ಎಂ.ಎಲ್. ಅರ್ಫಾ ಮುಖ ಕಿವುಚಿ ಕುಡಿದಳು. ರಾತ್ರಿ ಎಂಟಕ್ಕೆ ಇನ್ನೊಮ್ಮೆ. ಫಿಟ್ಸ್ ಇಲ್ಲ. ಇವತ್ತಿಗೆ ನಲವತ್ತೊಂದು ದಿನ.

ಇಷ್ಟು ಮಾತ್ರ ಬರೆದಿಡಿ ಅಂದಿದ್ದರು ಹುಬ್ಬಳ್ಳಿ ಡಾಕ್ಟರು. ಯಾವತ್ತು ಬಂತು, ಎಷ್ಟು ನಿಮಿಷ ಇತ್ತು. ಅದು ನೋಟ್‌ಬುಕ್ಕಿನ ಮುಂದಿನ ಹಾಳೆಗಳಲ್ಲಿ. ಇದು ಹಿಂದಿನಿಂದ ತಿರುವಿಕೊಂಡು ಬರೆಯುವುದು — ಡಾಕ್ಟರಿಗಲ್ಲ, ಯಾರಿಗೂ ಅಲ್ಲ. ಮನೆಯಲ್ಲಿ ಮಾತು ಉರ್ದು, ಕನ್ನಡ ಎರಡೂ ಕಲಸಿ. ಆದರೆ ಅತ್ತೆಗೆ ಕನ್ನಡ ಓದಲು ಬಾರದು. ಗಂಡ ಹಾರೂನ್ ಬಸ್ ಕಂಡಕ್ಟರ್, ಟಿಕೆಟ್ ಮಷಿನ್ ಬಿಟ್ಟು ಬೇರೇನೂ ಓದುವ ಪುರಸೊತ್ತಿಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಅರ್ಫಾಗೆ ಆರು ತುಂಬಿದೆ. ಬರುವ ತಿಂಗಳು ಒಂದನೇ ಕ್ಲಾಸು. ಎಲ್ಲಿಗೆ ಹಾಕುವುದು ಅಂತ ಊಟದ ಹೊತ್ತಿಗೆ ಮತ್ತೆ ಶುರುವಾಯಿತು.

ಹಾರೂನ್: "ಹುಬ್ಬಳ್ಳಿ ರೋಡಿನ ಇಂಗ್ಲಿಷ್ ಮೀಡಿಯಂ. ಮುಗೀತು. ದಿನಾ ಟೈ ಕಟ್ಕೊಂಡ ಹುಡುಗ್ರು ನನ್ನ ಬಸ್ಸಿಗೆ ಹತ್ತತಾವ. 'ಥ್ಯಾಂಕ್ಯೂ ಅಂಕಲ್' ಅಂತಾವ. ನನ್ನ ಮಗಳು ಹಂಗ ಅನ್ನೂದ ನಾ ಕೇಳಬೇಕು."

ಅತ್ತೆ ಮಗ್ಗದ ಮುಂದಿನಿಂದ ಏಳಲೇ ಇಲ್ಲ. ಅಲ್ಲಿಂದಲೇ: "ಸಾಲಿ ಯಾಕ ಬೇಕಲೇ ಆಕಿಗೆ? ನನ್ನ ಬಾಜು ಕುಂತು ಜಮಖಾನಿ ನೇಯೂದ ಕಲೀಲಿ. ಅಕ್ಷರ ಆಕಿ ಅಮ್ಮಿ ತಹಸೀನ್ ಕಲಸ್ತಾಳ. ಬಿದ್ರೂ ನಮ್ಮ ಕಣ್ಣ ಮುಂದ ಬೀಳ್ತಾಳ. ಮಂದಿಗೆ ಗೊತ್ತಾತಂದ್ರ ನಾಳೆ ಲಗ್ನ ಹೆಂಗ ಮಾಡ್ತಿ?"

ಆರು ವರ್ಷದ ಕೂಸಿನ ಲಗ್ನ! ನಗು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ನಾನೂ ಅದನ್ನೇ ಯೋಚಿಸುತ್ತೇನೆ.

ನನ್ನ ಮನಸ್ಸು ಓಣಿಯ ತುದಿಯ ಸರ್ಕಾರಿ ಶಾಲೆಯ ಕಡೆಗೆ. ನಾನು ಕಲಿತದ್ದೂ ಅಲ್ಲೇ. ಮಗ್ಗದ ಮುಂದೆ ಕೂತರೆ ಅಲ್ಲಿಯ ಗಂಟೆ ಕೇಳುತ್ತದೆ, ಓಡಿದರೆ ಎರಡು ನಿಮಿಷ. ಆದರೆ ಅಲ್ಲಿರುವವರೆಲ್ಲ ನಮ್ಮ ಓಣಿಯ ಮಕ್ಕಳೇ. ಒಮ್ಮೆ ಬಿದ್ದಳೆಂದರೆ ಸಂಜೆಯೊಳಗೆ ನವಲಗುಂದಕ್ಕೆಲ್ಲ ಗೊತ್ತು. ಎರಡು ವರ್ಷ ಮುಚ್ಚಿಟ್ಟಿದ್ದೇವೆ. ಬಾಯಿ ಬಿಡಲಿಲ್ಲ ನಾನು.

20 ಮೇ

ಹಾರೂನ್ ಫಾರ್ಮ್ ತಂದ. ಇಂಗ್ಲಿಷ್ ಮೀಡಿಯಂನದೇ. ವ್ಯಾನ್ ಮನೆ ಬಾಗಿಲಿಗೆ ಬರುತ್ತದಂತೆ. ಅಲ್ಲಿ ನಮ್ಮನ್ನು ಬಲ್ಲವರು ಯಾರೂ ಇಲ್ಲ ಅನ್ನುವುದೇ ಅದರ ದೊಡ್ಡ ಗುಣ ಅನ್ನಿಸಿತು — ಅವನಿಗೂ, ನನಗೂ.

ಮೂರನೇ ಪುಟದಲ್ಲಿ ಒಂದು ಕಾಲಂ. ಮಗುವಿಗೆ ಕಾಯಿಲೆ ಏನಾದರೂ ಇದೆಯೇ. ಹಾರೂನ್ ಪೆನ್ ಹಿಡಿದು ನನ್ನ ಮುಖ ನೋಡಿದ. ನಾನು ಒಲೆ ನೋಡಿದೆ. ‘ನಿಲ್’ ಅಂತ ಬರೆದ. ದುಂಡಗೆ, ಚೆಂದವಾಗಿ ಬರೆದ.

1 ಜೂನ್, ಭಾನುವಾರ

ನಾಳೆ ಶಾಲೆ.

ಫಿಟ್ಸ್ ಬರುವ ಮೊದಲು ಅವಳಿಗೆ ಗೊತ್ತಾಗುತ್ತದೆ. "ಅಮ್ಮಿ, ಹೊಟ್ಟ್ಯಾಗಿಂದ ಏನೋ ಮ್ಯಾಲ ಬರಾಕತ್ತೇತಿ" ಅನ್ನುತ್ತಾಳೆ. ಆಮೇಲೆ ಅರ್ಧ ನಿಮಿಷ ಸಿಗುತ್ತದೆ. ಆ ಅರ್ಧ ನಿಮಿಷಕ್ಕಾಗಿ ಇವತ್ತು ಪಾಠ ಮಾಡಿದೆ. ಹಾಗಾದ ಕೂಡಲೇ ಬೆರಳೆತ್ತಿ ಮಿಸ್‌ಗೆ ಕೇಳು. ಬಾತ್‌ರೂಮಿಗೆ ಹೋಗು. ಬಾಗಿಲು ಹಾಕಿಕೋ. ಚಿಲಕ ಹಾಕು. ಕೆಳಗೆ ಕೂತುಬಿಡು.

"ಯಾಕ ಅಮ್ಮಿ?"

"ಯಾರೂ ನೋಡಬಾರದು, ಅದಕ್ಕ."

ನಮ್ಮ ಬಚ್ಚಲಿನಲ್ಲಿ ನಾಲ್ಕು ಸಲ ಮಾಡಿಸಿದೆ. ನಾಲ್ಕನೇ ಸಲ ಹದಿನೆಂಟು ಸೆಕೆಂಡಿನಲ್ಲಿ ಚಿಲಕ ಹಾಕಿದಳು. ಶಾಬಾಶ್ ಅಂದೆ. ಕೊಬ್ಬರಿ ಬಿಸ್ಕಿಟ್ ಕೊಟ್ಟೆ.

3 ಜೂನ್

ವ್ಯಾನ್ 7.40ಕ್ಕೆ. ಬೂಟು, ಟೈ, ಎರಡು ಜಡೆ. ಹಾರೂನ್ ಫೋಟೋ ತೆಗೆದು ಡಿಪೋದವರಿಗೆಲ್ಲ ಕಳಿಸಿದ್ದಾನೆ. ಮಧ್ಯಾಹ್ನ ಮೂರರವರೆಗೆ ನೇಯ್ದದ್ದು ಒಂದು ಗೇಣೂ ಇಲ್ಲ. ಫೋನ್ ತೊಡೆಯ ಮೇಲೇ ಇತ್ತು. ಹಬ್ಬಕ್ಕೆ ರಜೆ ಬರುವವರೆಗೆ ಹೀಗೇ ಜೀವ ಹಿಡಿದುಕೊಂಡಿರಬೇಕು.

19 ಜೂನ್, ಸಂಜೆ

ಬರೆಯಬೇಕು. ಬರೆಯದಿದ್ದರೆ ತಲೆ ಸಿಡಿಯುತ್ತದೆ.

12.50ಕ್ಕೆ ಫೋನ್. "ನಿಮ್ಮ ಹುಡುಗಿ ಬಾತ್‌ರೂಮಿನ ಬಾಗಿಲು ತೆಗೀತಾ ಇಲ್ಲ, ಕರೆದರೂ ಓ ಅಂತಿಲ್ಲ." ಹೇಳಬೇಕಿತ್ತು, ಬಾಗಿಲು ಒಡೆಯಿರಿ, ಈಗಲೇ ಒಡೆಯಿರಿ ಅಂತ. "ಬಂದೆ" ಅಂದೆ, ಅಷ್ಟೇ. ಆಟೋದಲ್ಲಿ ಹೋಗುವಾಗ ಹೊಳೆಯಿತು. ತಿರುಗಿ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ.

ಹೋಗುವಷ್ಟರಲ್ಲಿ ಆಯಾ ಮೇಲಿನ ಕಿಂಡಿಯಿಂದ ಕೋಲು ಹಾಕಿ ಚಿಲಕ ತೆಗೆದಿದ್ದಳಂತೆ. ಒದ್ದೆ ನೆಲ. ಹಣೆ ಒಡೆದಿತ್ತು. ಮೂರು ಹೊಲಿಗೆ. ಎಷ್ಟು ನಿಮಿಷ ಇತ್ತೋ ಯಾರಿಗೂ ಗೊತ್ತಿಲ್ಲ. ಡಾಕ್ಟರಿಗೆಂದು ಬರೆಯುವ ಮುಂದಿನ ಹಾಳೆಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.

ಪ್ರಿನ್ಸಿಪಾಲ್ ಮೇಡಂ ಫಾರ್ಮ್ ತೆಗೆದು ಮೂರನೇ ಪುಟ ತೋರಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಮ್ಮಲ್ಲಿ ನರ್ಸ್ ಇಲ್ಲಮ್ಮ. ಇಂಥ ಮಕ್ಕಳನ್ನ ಮನೇಲೇ ಇಟ್ಕೊಂಡು ಓದಿಸೋದು ಒಳ್ಳೇದು. ಟಿ.ಸಿ. ನಾಳೆ ರೆಡಿ ಇರುತ್ತೆ."

ಆಟೋದಲ್ಲಿ ಅರ್ಫಾ ನನ್ನ ಕಿವಿಯ ಹತ್ತಿರ ಬಂದು ಗುಟ್ಟು ಹೇಳಿದಳು. "ಅಮ್ಮಿ, ಯಾರೂ ನೋಡಲಿಲ್ಲ."

ಬಿಸ್ಕಿಟ್‌ಗೆ ಕಾದಂತೆ ನನ್ನ ಮುಖ ನೋಡುತ್ತಿದ್ದಳು. ಅಲ್ಲಾ, ನಾನು ಎಂಥ ತಾಯಿ.

23 ಜೂನ್

ಮನೆಯಲ್ಲೇ ಅಂತ ತೀರ್ಮಾನ. ಹಾರೂನ್ ನಾಲ್ಕು ದಿನದಿಂದ ಸರಿಯಾಗಿ ಮಾತಾಡಿಲ್ಲ, ಟೈ ಮಾತ್ರ ಮಡಚಿ ಟ್ರಂಕಿನಲ್ಲಿಟ್ಟ. ಅತ್ತೆಯ ಮುಖದಲ್ಲಿ ಗೆದ್ದ ಕಳೆ. ಪಾಟಿ ತಂದೆ, ಅಂಕಲಿಪಿ ತಂದೆ. ಬೆಳಿಗ್ಗೆ ಎರಡು ತಾಸು ನನ್ನ ಪಾಠ, ಆಮೇಲೆ ಮಗ್ಗದ ಬಾಜು. ಬಾಗಿಲು ಹಾಕಿಕೊಂಡರೆ ಹೊರಗಿನ ಗಾಳಿಯೂ ಬರುವುದಿಲ್ಲ ಒಳಗೆ. ಎದೆಯ ಭಾರ ಸ್ವಲ್ಪ ಇಳಿದಿದೆ.

11 ಜುಲೈ

ಜಾಣೆ. ಕಾಗುಣಿತ ಅರ್ಧ ಆಯಿತು. ಎಣಿಕೆಯನ್ನು ನೂಲಿನ ಎಳೆಯಲ್ಲೇ ಕಲಿಯುತ್ತಿದ್ದಾಳೆ, ನೂರರವರೆಗೆ ತಡವರಿಸದೆ ಹೇಳುತ್ತಾಳೆ. ನಾನು ಟೀಚರ್ ಆಗಬಹುದಿತ್ತು ಅಂತ ಒಂದು ಕ್ಷಣ ಜಂಬ ಬಂತು.

ಆದರೆ ಬಾಗಿಲಲ್ಲಿ ಯಾರದಾದರೂ ದನಿ ಕೇಳಿದರೆ ಸಾಕು, ಎದ್ದು ಬಚ್ಚಲಿಗೆ ಓಡುತ್ತಾಳೆ. ಹಾಲಿನವನು ಬಂದರೂ ಓಡುತ್ತಾಳೆ. ಚಿಲಕದ ಸದ್ದು ಕೇಳುತ್ತದೆ. ಹೊಟ್ಟೆಯಲ್ಲಿ ಏನೂ ಆಗಿರುವುದಿಲ್ಲ, ಸುಮ್ಮನೆ. ಇವತ್ತು ಹಾರೂನ್‌ಗೆ ಹೇಳಿ ಬಚ್ಚಲಿನ ಚಿಲಕ ಕೀಳಿಸಿದೆ. ಈಗ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಾಳೆ.

17 ಜುಲೈ, ಮಧ್ಯಾಹ್ನ

ಮನೆಯಲ್ಲೇ ಬಂತು. ನಾನು, ಅತ್ತೆ ಇಬ್ಬರೂ ಬಾಜುವಿನಲ್ಲೇ ಇದ್ದೆವು.

ನಾನು ಅವಳನ್ನು ಪಕ್ಕಕ್ಕೆ ಮಲಗಿಸಿ ಗೋಡೆಯ ಗಡಿಯಾರ ನೋಡಲು ತಿರುಗಿದೆ. ಅಷ್ಟೇ ಹೊತ್ತು. ಅತ್ತೆ ಪಂಜಾ ತಂದು ಅವಳ ಮುಷ್ಟಿಯಲ್ಲಿ ತುರುಕಿದರು. ಎಳೆಗಳನ್ನು ಕೆಳಗೆ ತಟ್ಟುವ ಕಬ್ಬಿಣದ ಹಣಿಗೆ ಅದು, ಸಾಲಾಗಿ ಹಲ್ಲು. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆ ಅಂತ ಎಲ್ಲರ ಮನೆಯಲ್ಲೂ ಕೀಲಿಕೈ ಕೊಡುತ್ತಾರೆ. ನಮ್ಮ ಮನೆಯಲ್ಲಿ ಕೈಗೆ ಸಿಕ್ಕ ಕಬ್ಬಿಣ ಅದು. ಅವಳ ಕೈ ಸೆಳೆತಕ್ಕೆ ಎಗರುತ್ತಿತ್ತು. ಪಂಜಾ ಮುಖಕ್ಕೆ ಬಡಿಯಿತು, ಎರಡು ಸಲ.

ಗಾಯ ಕಣ್ಣಿಗಿಂತ ಒಂದು ಬೆರಳು ಕೆಳಗೆ. ಒಂದೇ ಬೆರಳು.

ನಾನು ಅತ್ತೆಯ ಮೇಲೆ ಕಿರುಚಿದೆ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಮೊದಲ ಸಲ. ಅವರು ಮೂಲೆಯಲ್ಲಿ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಾರೆ. "ನಮ್ಮ ಅತ್ತಿನೂ ಹಿಂಗ ಮಾಡ್ತಿದ್ಲವ್ವಾ, ನನಗೇನ ಗೊತ್ತ" ಅನ್ನುತ್ತಾರೆ. ಪ್ರೀತಿ ಇಲ್ಲದೆ ಮಾಡಿದ್ದಲ್ಲ, ಗೊತ್ತು. ಆದರೆ ನಾನು ಸಂತೆಗೆ ಹೋದ ದಿನ ಬಂದಿದ್ದರೆ?

ಮನೆ ಭದ್ರ ಅಂದುಕೊಂಡಿದ್ದೆ. ಇನ್ನು ಎಲ್ಲಿ ಕೂರಿಸಲಿ ಇವಳನ್ನು?

22 ಜುಲೈ

ಸರ್ಕಾರಿ ಶಾಲೆಯ ಟೀಚರ್, ಸುಧಾರಾಣಿ ಅಕ್ಕೋರು ಬಂದಿದ್ದರು. ಶಾಲೆ ಬಿಟ್ಟ ಮಕ್ಕಳ ಪಟ್ಟಿಯಲ್ಲಿ ಅರ್ಫಾಳ ಹೆಸರು ಬಂದಿದೆಯಂತೆ. ಅವಳ ಕೆನ್ನೆಯ ಬ್ಯಾಂಡೇಜ್ ನೋಡಿದರು, ಹಣೆಯ ಗುರುತು ನೋಡಿದರು, ನನ್ನನ್ನು ನೋಡಿದರು. ನಾವು ಮಗುವನ್ನು ಹೊಡೆಯುತ್ತೇವೆ ಅಂದುಕೊಂಡರು, ಖಂಡಿತ ಹಾಗೇ ಅಂದುಕೊಂಡರು.

ಆ ಹೆದರಿಕೆಗೆ ಬಾಯಿ ಬಿಟ್ಟೆ. ಮೊದಲ ಸಲ ಹೊರಗಿನವರಿಗೆ. ಮೆಲ್ಲಗೆ, ಕಿಟಕಿ ಹಾಕಿ ಹೇಳಿದೆ.

ಅಯ್ಯೋ ಪಾಪ ಅನ್ನಲಿಲ್ಲ ಅವರು. ಬ್ಯಾಗಿನಿಂದ ಪೆನ್ ತೆಗೆದರು. "ಎಷ್ಟ ಮಿನಿಟ ಇರ್ತದ್ರಿ? ಆವಾಗ ಏನ ಮಾಡಬೇಕ್ರಿ? ಎಷ್ಟ ಮಿನಿಟ ದಾಟಿದ್ರ ದವಾಖಾನಿಗೆ?" ಒಂದೊಂದಾಗಿ ಬರೆದುಕೊಂಡರು. ಪಕ್ಕಕ್ಕೆ ಮಲಗಿಸುವುದು, ಬಾಯಿಗೆ ಕೈಗೆ ಏನೂ ಕೊಡದಿರುವುದು, ಗಡಿಯಾರ ನೋಡುವುದು, ಐದು ನಿಮಿಷ ದಾಟಿದರೆ ಗಾಡಿ. ಬರೆದು ಮುಗಿಸಿ, "ಸೋಮವಾರ ಕಳಸ್ರಿ. ಕ್ಲಾಸಿನ ಹುಡುಗರಿಗೂ ಹೇಳಿ ಇಡೂಣು" ಅಂದರು.

ಕೈ ಹಿಡಿದುಕೊಂಡೆ. "ಅಕ್ಕೋರ, ಹುಡುಗರಿಗೆ ಮಾತ್ರ ಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ."

ಪೆನ್ನಿನ ಮುಚ್ಚಳ ಹಾಕಿದರು. "ಆತ್ರಿ, ನಿಮ್ಮ ಮಾತು. ಆದ್ರ ಹುಡುಗರು ಗೊತ್ತಿಲ್ಲದ್ದಕ್ಕ ಹೆದರತಾವ. ಗೊತ್ತಿದ್ದದ್ದಕ್ಕ ಹೆದರಂಗಿಲ್ಲ."

ಹಾರೂನ್‌ಗೆ ಹೇಳಿದೆ. ಬೂಟಿನ ಹಗ್ಗ ಬಿಚ್ಚುತ್ತಾ, "ನಿನಗ ಹೆಂಗ ಧೈರ್ಯ ಆಗ್ತದ ಹಂಗ ಮಾಡು" ಅಂದ. ನನಗೆ ಯಾವ ಕಡೆಯೂ ಧೈರ್ಯ ಆಗುತ್ತಿಲ್ಲ ಅಂತ ಅವನಿಗೆ ಹೇಗೆ ಹೇಳುವುದು.

28 ಜುಲೈ

ಹಾಕಿದೆ. ಅರ್ಫಾ ಸರ್ಕಾರಿ ಶಾಲೆಯ ಗೇಟಿನವರೆಗೂ ನನ್ನ ಚೂಡಿದಾರ್ ಹಿಡಿದೇ ಬಂದಳು. "ಬಾತ್‌ರೂಮ್ ಎಲ್ಲೇತಿ ಅಮ್ಮಿ?" ಮೊದಲ ಪ್ರಶ್ನೆ ಅದು. ಬೇಡ, ಇಲ್ಲಿ ಬಾತ್‌ರೂಮಿಗೆ ಹೋಗಬಾರದು, ಅಕ್ಕೋರ ಹತ್ತಿರ ಹೋಗು, ಅವರ ಸೀರೆ ಹಿಡಿದುಕೋ ಅಂದೆ. "ಆದ್ರ ಎಲ್ಲಾರೂ ನೋಡ್ತಾರಲ್ಲ?"

ಮೂಗು ಒರೆಸಿ ಕಳಿಸಿದೆ.

1 ಆಗಸ್ಟ್

ನಂಬಲಾಗುತ್ತಿಲ್ಲ. ಎದುರುಮನೆ ನಸೀಮಾಬಿಯ ಇಬ್ಬರು ಮೊಮ್ಮಕ್ಕಳು, ಹುಡುಗಿಯರು, ಬೆಳಿಗ್ಗೆ ಬಂದು ಬಾಗಿಲಲ್ಲಿ "ಅರ್ಫಾ, ಬರ್ತಿ ಏನಬೇ" ಅಂತ ಕೂಗುತ್ತಾರೆ. ಓಡಿ ಹೋಗುತ್ತಾಳೆ, ಬಚ್ಚಲಿಗಲ್ಲ, ಬೀದಿಗೆ. ಮಧ್ಯಾಹ್ನದ ಸಾರು ಚೆನ್ನಾಗಿತ್ತಂತೆ, ಮೊಟ್ಟೆ ಕೊಟ್ಟರಂತೆ. ಮನೆಯಲ್ಲಿ ಮೊಟ್ಟೆ ಮುಟ್ಟದವಳು.

ಸಂತೋಷಪಡಲೂ ಹೆದರಿಕೆ. ನಾಳೆಯೋ, ನಾಡಿದ್ದೋ.

4 ಆಗಸ್ಟ್, ಸೋಮವಾರ

11.25ಕ್ಕೆ. ಎರಡು ನಿಮಿಷ ನಲವತ್ತು ಸೆಕೆಂಡು. ಅಕ್ಕೋರು ನೋಡಿ ಬರೆದಿಟ್ಟಿದ್ದರು. ಗಾಯ ಇಲ್ಲ.

ಬಿಸಿಯೂಟದ ಅಡುಗೆಯ ಮೈಲಾರವ್ವ ಸವಟು ಹಿಡಿದುಕೊಂಡೇ ಓಣಿಯುದ್ದಕ್ಕೂ ಓಡಿ ಬಂದಳು. "ತಹಸೀನವ್ವಾ, ನಿಮ್ಮ ಕೂಸಿಗೆ ಫಿಟ್ಸ್ ಬಂದೈತ್ರಿ, ಲಗೂನ ಬರ್ರಿ!" ಆ ಬಾಯಿ ಆಚೆ ಊರು ಅಣ್ಣಿಗೇರಿಗೂ ಕೇಳಿರಬೇಕು. ಒಂದೊಂದೇ ಬಾಗಿಲು ತೆರೆಯಿತು. ಎರಡು ವರ್ಷದ ಗುಟ್ಟು ಎರಡು ನಿಮಿಷದಲ್ಲಿ ಬೀದಿಗೆ ಬಿತ್ತು.

ಹೋದರೆ ಕ್ಲಾಸು ಖಾಲಿ. ಮಕ್ಕಳೆಲ್ಲ ಹೊರಗೆ ಗೋಡೆಗೆ ಒತ್ತಿಕೊಂಡು ನಿಂತಿದ್ದರು, ಒಂದೆರಡು ಅಳುತ್ತಿದ್ದವು. ಒಳಗೆ ಅಕ್ಕೋರು ನೆಲದ ಮೇಲೆ ಕೂತಿದ್ದರು, ಅರ್ಫಾಳ ತಲೆ ಅವರ ತೊಡೆಯ ಮೇಲೆ. ಅವಳ ಮುಷ್ಟಿಯಲ್ಲಿ ಅವರ ಸೆರಗು.

ನಸೀಮಾಬಿಯ ಮೊಮ್ಮಕ್ಕಳೂ ಆ ಗೋಡೆಯ ಹತ್ತಿರ ಇದ್ದರು. ನನ್ನನ್ನು ನೋಡಿ ಹಿಂದೆ ಸರಿದರು.

ಹೇಳಿದ್ದೆನಲ್ಲ ಅಂತ ಅಕ್ಕೋರು ಅನ್ನಲಿಲ್ಲ.

5 ಆಗಸ್ಟ್, 9.15

ಜಡೆ ಹಾಕಿದೆ. ಔಷಧ ಕುಡಿದಳು. ಹೊಸ್ತಿಲ ಮೇಲೆ ಚೀಲ ಹಾಕಿಕೊಂಡು ಕೂತಿದ್ದಾಳೆ. ಕಳಿಸುವುದೋ ಬೇಡವೋ, ನಾನಿನ್ನೂ ಹೇಳಿಲ್ಲ. ಹಾರೂನ್ ಡ್ಯೂಟಿಗೆ ಹೋದ. ಅತ್ತೆ ಮಗ್ಗ ಮುಟ್ಟಿಲ್ಲ.

9.30

ಎದುರುಮನೆಯವರು ಕೂಗಲಿಲ್ಲ. ಅವರ ಬಾಗಿಲು ಮುಚ್ಚಿದೆ. ಮಕ್ಕಳು ಹಿಂದಿನ ಸಂದಿಯಿಂದ ಹೋದರೋ ಏನೋ. ಅರ್ಫಾ ಮತ್ತೆ ಮತ್ತೆ ಆ ಕಡೆ ನೋಡುತ್ತಾಳೆ. ಒಳಗೆ ಕರೆದುಬಿಡಲೇ, ಸಾಕು ಇನ್ನು, ಮನೆಯಲ್ಲೇ

9.50, ಶಾಲೆಯ ಕಟ್ಟೆ

ತಲೆ ಎತ್ತಿದರೆ ಹೊಸ್ತಿಲ ಮೇಲೆ ಇಲ್ಲ. ಬಚ್ಚಲು ನೋಡಿದೆ, ಮಗ್ಗದ ಹಿಂದೆ ನೋಡಿದೆ. ನೋಟ್‌ಬುಕ್ ಕೈಯಲ್ಲೇ ಹಿಡಿದು ಓಡಿ ಬಂದಿದ್ದೇನೆ, ಕಾಲಲ್ಲಿ ಚಪ್ಪಲಿಯೂ ಇಲ್ಲ.

ಇಲ್ಲಿದ್ದಾಳೆ. ಒಬ್ಬಳೇ ಬಂದಿದ್ದಾಳೆ. ಪ್ರಾರ್ಥನೆಯ ಸಾಲಿನಲ್ಲಿ ಕೈ ಜೋಡಿಸಿ ನಿಂತಿದ್ದಳು. ಅವಳ ಮುಂದೆ ಒಂದು ಮಾರು ಜಾಗ ಖಾಲಿ, ಹಿಂದೆ ಒಂದು ಮಾರು. ಆ ಖಾಲಿ ಜಾಗ ಮಾಡಿದವಳು ನಾನು. ಅಕ್ಕೋರು ಹೇಳುತ್ತೇನೆ ಅಂದಾಗ ಬಾಯಿ ಮುಚ್ಚಿಸಿದವಳು ನಾನೇ.

ಈಗ ಎಲ್ಲರೂ ಒಳಗೆ ಹೋದರು. ಅಕ್ಕೋರು ಬಾಗಿಲಿಗೆ ಬಂದು ಕರೆಯುತ್ತಿದ್ದಾರೆ. "ಒಳಗ ಬರ್ರಿ. ಹುಡುಗರು ಕೇಳಾಕತ್ತಾವ, ಅರ್ಫಾಗ ಏನಾಗೇತಿ ಅಂತ. ನಾ ಹೇಳೂದಕ್ಕಿಂತ ನೀವ ಹೇಳ್ರಿ."

ಮೂವತ್ತು ಮಕ್ಕಳು. ಸಂಜೆಗೆ ಮೂವತ್ತು ಮನೆ. ಕಿಟಕಿಯಿಂದ ಅರ್ಫಾ ನನ್ನನ್ನೇ ನೋಡುತ್ತಿದ್ದಾಳೆ. ಏನಂತ ಶುರು ಮಾಡಲಿ. ಮೊದಲು ಇಲ್ಲಿ ಬರೆದುಕೊಂಡು ಹೋಗುತ್ತೇನೆ, ಇಲ್ಲದಿದ್ದರೆ ಬಾಯಿ ಕಟ್ಟುತ್ತದೆ. ಮಕ್ಕಳೇ, ನಾನು ಅರ್ಫಾಳ ಅಮ್ಮಿ. ನನ್ನ ಮಗಳಿಗೆ